ಹಳೇ ಟ್ಯೂಬ್‌ಲೈಟ್ ಪಟ್ಟಿಗೆ ಎಲ್‌ಇಡಿ: ಯಾವ ಮಾಲು ಕೊಳ್ಳಬೇಕು, ವೈರಿಂಗ್ ಹೇಗೆ ಬದಲಿಸಬೇಕು

ಮನೆಯ ಗೋಡೆಯಲ್ಲಿರುವ ನಾಲ್ಕು ಅಡಿ ಟ್ಯೂಬ್‌ಲೈಟ್ ಪಟ್ಟಿಯನ್ನು ಎಲ್‌ಇಡಿಗೆ ತರಲು ಅಂಗಡಿಯಲ್ಲಿ ಮೂರು ಬಗೆಯ ಮಾಲು ಸಿಗುತ್ತದೆ. ಚೋಕ್ ಹಾಗೇ ಇಟ್ಟು ಸ್ಟಾರ್ಟರ್ ಮಾತ್ರ ಬದಲಿಸಿ ಹಾಕುವ ಟ್ಯೂಬ್ ಒಂದು. ಚೋಕ್ ತೆಗೆದು ನೇರವಾಗಿ 230 ವೋಲ್ಟ್ ಕೊಡುವ ಟ್ಯೂಬ್ ಇನ್ನೊಂದು. ಪಟ್ಟಿಯನ್ನೇ ಕಿತ್ತು ಅದರ ಜಾಗದಲ್ಲಿ ಕೂರಿಸುವ ಬ್ಯಾಟನ್ ಮೂರನೆಯದು. ಪಟ್ಟಿ ಗಟ್ಟಿಯಾಗಿದ್ದರೆ ಎರಡನೆಯದೇ ಸರಿ, ಅದರಲ್ಲೂ ಒಂದೇ ತುದಿಯಲ್ಲಿ ಕರೆಂಟ್ ಪಡೆಯುವ 18 ಅಥವಾ 20 ವ್ಯಾಟಿನ ಟ್ಯೂಬ್. ಅಂಗಡಿಯವರು ಮೊದಲು ಕೈಗೆ ಕೊಡುವುದು ಬ್ಯಾಟನ್ನನ್ನೇ. ಟ್ಯೂಬ್ ಬೇಕೆಂದರೆ ಕೇಳಿ ತರಿಸಿಕೊಳ್ಳಬೇಕಾಗಬಹುದು, ಆದರೆ ಕೇಳುವುದು ವ್ಯರ್ಥವಲ್ಲ.

ಉಳಿತಾಯದ ಲೆಕ್ಕ ಸರಳ. ಟ್ಯೂಬ್ ಮೇಲೆ 36 ವ್ಯಾಟ್ ಎಂದಿದ್ದರೂ ಹಳೇ ಕಬ್ಬಿಣದ ಚೋಕ್ ತಾನೇ 10ರಿಂದ 12 ವ್ಯಾಟ್ ಬಿಸಿಯಾಗಿ ಕಳೆಯುತ್ತದೆ. ಒಟ್ಟು 48 ವ್ಯಾಟ್ ಅಂದುಕೊಳ್ಳಿ. ಎಲ್‌ಇಡಿ 20 ವ್ಯಾಟ್ ಆದರೆ ಉಳಿಯುವುದು 28. ದಿನಕ್ಕೆ ಐದು ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು 51 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 300 ರೂಪಾಯಿ ದಾಟುತ್ತದೆ, ಟ್ಯೂಬಿನ ಬೆಲೆ ಒಂದೂವರೆ ವರ್ಷದೊಳಗೆ ಬಂದುಬಿಡುತ್ತದೆ. ಗೃಹಜ್ಯೋತಿಯಲ್ಲಿ ತಮ್ಮ ಮಿತಿಯ ಅಂಚಿನಲ್ಲೇ ಓಡುವ ಮನೆಗಳಿಗೆ ಮೂರು ಟ್ಯೂಬ್ ಬದಲಿಸಿದರೆ ತಿಂಗಳಿಗೆ ಹನ್ನೆರಡು ಯೂನಿಟ್ ತಗ್ಗುವುದು ಸಣ್ಣದಲ್ಲ.

ಮೊದಲ ಬಗೆ, ಅಂದರೆ ಚೋಕ್ ಉಳಿಸಿಕೊಂಡು ಹಾಕುವ ಟ್ಯೂಬ್, ಬಾಡಿಗೆ ಮನೆಗೆ ಅನುಕೂಲ. ವೈರ್ ಮುಟ್ಟುವ ಕೆಲಸವಿಲ್ಲ. ಹಳೇ ಸ್ಟಾರ್ಟರ್ ತೆಗೆದು, ಟ್ಯೂಬ್ ಜೊತೆ ಬಂದ ಎಲ್‌ಇಡಿ ಸ್ಟಾರ್ಟರ್ ಹಾಕಬೇಕು. ನೋಡಲು ಸ್ಟಾರ್ಟರ್‌ನಂತೆಯೇ ಇದ್ದರೂ ಅದರೊಳಗೆ ಇರುವುದು ಫ್ಯೂಸ್ ಅಷ್ಟೇ. ಆದರೆ ಚೋಕ್ ಇದ್ದಷ್ಟು ದಿನ ಒಂದಿಷ್ಟು ಕರೆಂಟ್ ತಿನ್ನುತ್ತದೆ, ಗುಂಯ್ ಎನ್ನುತ್ತದೆ, ಅದು ಕೆಟ್ಟರೆ ಒಳ್ಳೆ ಟ್ಯೂಬೂ ಹತ್ತುವುದಿಲ್ಲ. ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ ಚೋಕ್ ಇದ್ದರಂತೂ ಈ ಟ್ಯೂಬ್ ಬೇಡವೇ ಬೇಡ. ಆ ಚೋಕ್ ಹೊರಗೆ ಬಿಡುವುದು ಸಾವಿರಾರು ಹರ್ಟ್ಜ್‌ನ ಕರೆಂಟ್. ಅದಕ್ಕೆಂದೇ ಮಾಡಿರದ ಟ್ಯೂಬ್ ಮಿಣುಕುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಸ್ಟಾರ್ಟರ್ ಇಲ್ಲದ ಪಟ್ಟಿ ಎಂದರೆ ಎಲೆಕ್ಟ್ರಾನಿಕ್ ಚೋಕ್ ಎಂದೇ ತಿಳಿಯಿರಿ.

ಎರಡನೇ ಬಗೆಯಲ್ಲಿ ಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ: ಕರೆಂಟ್ ಯಾವ ತುದಿಗೆ? ಕೆಲವು ಟ್ಯೂಬ್‌ಗಳಿಗೆ ಫೇಸ್ ಒಂದು ತುದಿಗೆ, ನ್ಯೂಟ್ರಲ್ ಇನ್ನೊಂದು ತುದಿಗೆ. ಇವುಗಳಲ್ಲಿ ಅಪಾಯವಿದೆ. ಸ್ವಿಚ್ ಆನ್ ಇದ್ದಾಗ ಒಂದು ತುದಿ ಹೋಲ್ಡರ್‌ಗೆ ಕೂತು ಇನ್ನೊಂದು ತುದಿ ಕೈಯಲ್ಲಿದ್ದರೆ, ಕೈಯಲ್ಲಿರುವ ಪಿನ್‌ಗೆ ಟ್ಯೂಬಿನ ಮೂಲಕವೇ ಕರೆಂಟ್ ಬರಬಹುದು. ಒಂದೇ ತುದಿಯಲ್ಲಿ ಫೇಸ್, ನ್ಯೂಟ್ರಲ್ ಎರಡೂ ಇರುವ ಟ್ಯೂಬ್‌ನಲ್ಲಿ ಈ ಭಯವಿಲ್ಲ, ಇನ್ನೊಂದು ತುದಿ ಬರೀ ಆಸರೆಗೆ. ಟ್ಯೂಬಿನ ತುದಿಯಲ್ಲಿ ಎಲ್, ಎನ್ ಎಂಬ ಅಕ್ಷರ ಅಥವಾ ಇನ್‌ಪುಟ್ ಎಂಬ ಚೀಟಿ ಇರುತ್ತದೆ, ಅದನ್ನು ಅಂಗಡಿಯಲ್ಲೇ ಹುಡುಕಿ ನೋಡಿ.

ವೈರಿಂಗ್‌ಗೆ ಬೇಕಾಗುವುದು ಟೆಸ್ಟರ್, ಸ್ಕ್ರೂ ಡ್ರೈವರ್, ಕಟರ್, ಒಂದು ಮೀಟರ್ 1 ಚದರ ಮಿ.ಮೀ. ತಾಮ್ರದ ವೈರ್, ಎರಡು ದಾರಿಯ ಕನೆಕ್ಟರ್ ಮತ್ತು ಇನ್ಸುಲೇಷನ್ ಟೇಪ್. ಕರೆಂಟ್ ಇರುವಾಗಲೇ ಮೊದಲ ಪರೀಕ್ಷೆ: ಸ್ವಿಚ್ ಆಫ್ ಮಾಡಿ ಪಟ್ಟಿಗೆ ಬರುವ ಎರಡೂ ವೈರ್‌ಗೆ ಟೆಸ್ಟರ್ ಇಟ್ಟು ನೋಡಿ. ಆಫ್ ಮಾಡಿದ ಮೇಲೂ ಟೆಸ್ಟರ್ ಹತ್ತಿದರೆ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿದೆ ಎಂದರ್ಥ. ಹಳೇ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಇದನ್ನು ಸ್ವಿಚ್ ಬೋರ್ಡಿನಲ್ಲಿ ಸರಿ ಮಾಡದೆ ಎಲ್‌ಇಡಿ ಹಾಕಿದರೆ ರಾತ್ರಿಯೆಲ್ಲ ಟ್ಯೂಬ್ ಮಂದವಾಗಿ ಹೊಳೆಯುತ್ತಲೇ ಇರಬಹುದು. ಜನ ಟ್ಯೂಬ್ ಕೆಟ್ಟದ್ದು ಎಂದು ಅಂಗಡಿಗೆ ವಾಪಸ್ ಒಯ್ಯುತ್ತಾರೆ, ತಪ್ಪು ಇರುವುದು ಗೋಡೆಯೊಳಗೆ. ಸ್ವಿಚ್‌ನಲ್ಲಿ ಕೆಂಪು ಇಂಡಿಕೇಟರ್ ಇದ್ದರೂ ಇದೇ ರೀತಿ ಹೊಳೆಯಬಹುದು.

ಆಮೇಲೆ ಎಂಸಿಬಿ, ಅಂದರೆ ಮೀಟರ್ ಬೋರ್ಡಿನಲ್ಲಿ ಆ ಸಾಲಿನ ಕರೆಂಟನ್ನೇ ಕಡಿಯುವ ಸ್ವಿಚ್, ಇಳಿಸಿ. ಬರೀ ಸ್ವಿಚ್ ನಂಬಬೇಡಿ. ಹಳೇ ಟ್ಯೂಬನ್ನು ಕಾಲು ಸುತ್ತು ತಿರುಗಿಸಿ ತೆಗೆಯಿರಿ, ಸ್ಟಾರ್ಟರ್ ಬಿಚ್ಚಿ, ಪಟ್ಟಿಯ ಮುಚ್ಚಳ ತೆಗೆಯಿರಿ. ಚೋಕ್, ಅದರ ಪಕ್ಕದಲ್ಲಿ ಕೆಲವು ಪಟ್ಟಿಗಳಲ್ಲಿ ಇರುವ ಕಂಡೆನ್ಸರ್, ಸ್ಟಾರ್ಟರ್ ಹೋಲ್ಡರ್ ವೈರುಗಳು, ಎಲ್ಲವೂ ಹೊರಗೆ ಬರಲಿ. ಕಂಡೆನ್ಸರ್‌ನ ಎರಡು ತುದಿಯನ್ನು ಪ್ಲಾಸ್ಟಿಕ್ ಹಿಡಿಕೆ ಇರುವ ಸ್ಕ್ರೂ ಡ್ರೈವರ್‌ನಿಂದ ಮುಟ್ಟಿಸಿ ಖಾಲಿ ಮಾಡಿಯೇ ಕೈ ಹಾಕಿ. ಚೋಕ್ ಪಕ್ಕದ ವೈರನ್ನು ಒಮ್ಮೆ ಬಗ್ಗಿಸಿ ನೋಡಿ: ವರ್ಷಗಟ್ಟಲೆ ಬಿಸಿ ತಿಂದ ಇನ್ಸುಲೇಷನ್ ಹಪ್ಪಳದಂತೆ ಪಟಪಟ ಮುರಿದರೆ ಅದನ್ನು ಉಳಿಸಿಕೊಳ್ಳಬೇಡಿ, ಹೊಸ ವೈರ್ ಹಾಕಿ. ಒಂದು ತುದಿಯ ಹೋಲ್ಡರ್‌ನ ಎರಡು ಪಾಯಿಂಟ್‌ಗೆ ಫೇಸ್ ಮತ್ತು ನ್ಯೂಟ್ರಲ್ ನೇರ ಕೊಡಿ. ಇನ್ನೊಂದು ಹೋಲ್ಡರ್‌ಗೆ ಏನೂ ಬೇಡ. ಹಸಿರು ಅರ್ಥ್ ವೈರ್ ಇದ್ದರೆ ಕಬ್ಬಿಣದ ಪಟ್ಟಿಗೆ ಸ್ಕ್ರೂ ಹಾಕಿ ಬಿಗಿಯಿರಿ; ನೇತಾಡಲು ಬಿಡಬೇಡಿ.

ಕರೆಂಟ್ ಕೊಟ್ಟ ಹೋಲ್ಡರ್ ಬಳಿ ಪಟ್ಟಿಯ ಮೇಲೆ ಮಾರ್ಕರ್‌ನಿಂದ ಬರೆಯಿರಿ: ‘ಎಲ್‌ಇಡಿ ಮಾತ್ರ, ಚೋಕ್ ಇಲ್ಲ, ಕರೆಂಟ್ ಈ ಕಡೆ’. ಇದು ಚಂದಕ್ಕಲ್ಲ. ನಾಳೆ ಯಾರಾದರೂ ಹಳೇ ಟ್ಯೂಬ್ ಹಾಕಿದರೆ 230 ವೋಲ್ಟ್ ನೇರ ಅದರ ಫಿಲಮೆಂಟ್‌ಗೆ ಹೋಗಿ ಫಟ್ಟನೆ ಸುಡುತ್ತದೆ. ಎಲ್‌ಇಡಿ ಟ್ಯೂಬನ್ನೇ ಹಿಂದುಮುಂದು ಹಾಕಿದರೂ ತೊಂದರೆ: ಹಲವು ಟ್ಯೂಬ್‌ಗಳ ಆಸರೆ ತುದಿಯ ಎರಡು ಪಿನ್ ಒಳಗೇ ಕೂಡಿಸಿರುತ್ತವೆ, ಅಲ್ಲಿಗೆ ಫೇಸ್ ನ್ಯೂಟ್ರಲ್ ತಗುಲಿದರೆ ಶಾರ್ಟ್ ಆಗಿ ಎಂಸಿಬಿ ಬೀಳುತ್ತದೆ.

ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಅಥವಾ ಟ್ಯೂಬ್ ತಿರುಗಿಸುವಾಗ ಬಿಗಿತವೇ ಸಿಗದಿದ್ದರೆ, ಹೋಲ್ಡರ್ ಬದಲಿಸಿ. ಸಡಿಲ ಪಿನ್ ಕಿಡಿ ಹಾರಿಸುತ್ತದೆ, ಆ ಕಿಡಿಯೇ ಎಲ್‌ಇಡಿ ಡ್ರೈವರನ್ನು, ಅಂದರೆ ಟ್ಯೂಬಿನೊಳಗೆ ಕರೆಂಟನ್ನು ಹದಗೊಳಿಸುವ ಸರ್ಕ್ಯೂಟನ್ನು, ಕೊಲ್ಲುತ್ತದೆ. ಪಟ್ಟಿಯೇ ತುಕ್ಕು ಹಿಡಿದು ಉದುರುತ್ತಿದ್ದರೆ ಮಾತ್ರ ಬ್ಯಾಟನ್.

ಬ್ಯಾಟನ್ ಕೆಟ್ಟದ್ದೇನಲ್ಲ. 200ರಿಂದ 350 ರೂಪಾಯಿಯೊಳಗೆ ಸಿಗುತ್ತದೆ, ತೆಳ್ಳಗೆ ನೀಟಾಗಿ ಕಾಣುತ್ತದೆ, ಎರಡು ಕ್ಲಿಪ್ಪಿಗೆ ಸ್ಕ್ರೂ ಹಾಕಿ ಒತ್ತಿದರೆ ಕೂರುತ್ತದೆ. ಕೊರತೆ ಒಂದೇ, ಆದರೆ ದೊಡ್ಡದು. ಡ್ರೈವರ್ ಹೋದರೆ ಇಡೀ ಬ್ಯಾಟನ್ ಕಸಕ್ಕೆ. ಹೊಸದು ತಂದರೆ ಅದರ ಕ್ಲಿಪ್ಪಿನ ಅಂತರ ಬೇರೆ, ಗೋಡೆಗೆ ಮತ್ತೆ ಡ್ರಿಲ್, ವೈರ್ ಜೋಡಿಸಲು ಮತ್ತೆ ಎಲೆಕ್ಟ್ರಿಷಿಯನ್. ಪಟ್ಟಿಯಲ್ಲಿ ಟ್ಯೂಬ್ ಇದ್ದರೆ ಎಂಸಿಬಿ ಇಳಿಸಿ, ಸ್ಟೂಲ್ ಹತ್ತಿ ಎರಡು ನಿಮಿಷದಲ್ಲಿ ಮನೆಯವರೇ ಬದಲಿಸಬಹುದು.

ಡಬ್ಬಿಯ ಮೇಲೆ ವ್ಯಾಟ್ ಮಾತ್ರ ನೋಡಬೇಡಿ, ಲ್ಯೂಮೆನ್, ಅಂದರೆ ಬೆಳಕಿನ ಅಳತೆ, ನೋಡಿ. 20 ವ್ಯಾಟ್‌ಗೆ 2000 ಲ್ಯೂಮೆನ್‌ಗಿಂತ ಕಡಿಮೆ ಇರುವುದನ್ನು ಬಿಡಿ. ಹಳೇ ಬಗೆಯ ಮಾಮೂಲಿ 36 ವ್ಯಾಟ್ ಟ್ಯೂಬ್ ಹೊಸದಿದ್ದಾಗ ಸುಮಾರು 2450 ಕೊಡುತ್ತದೆ, ಆದರೆ ಅದರ ಬೆಳಕು ಸುತ್ತಲೂ ಚೆಲ್ಲಿ ಒಂದು ಪಾಲು ಪಟ್ಟಿಗೂ ಗೋಡೆಗೂ ಬೀಳುತ್ತದೆ. ಪವರ್ ಫ್ಯಾಕ್ಟರ್ (ಕರೆಂಟನ್ನು ಎಷ್ಟು ಸಮರ್ಪಕವಾಗಿ ಬಳಸುತ್ತದೆ ಎಂಬ ಅಳತೆ) ಕನಿಷ್ಠ 0.9, ಬಣ್ಣದ ಗುಣ ಸೂಚ್ಯಂಕ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬ ಅಳತೆ, ಸಿಆರ್‌ಐ) ಕನಿಷ್ಠ 80, ಬಿಐಎಸ್ ಗುರುತು ಮತ್ತು ನೋಂದಣಿ ಸಂಖ್ಯೆ ಇರಲಿ. ಹಳ್ಳಿಯ ಕಡೆ ನ್ಯೂಟ್ರಲ್ ಕಟ್ ಆಗಿ ಮನೆಗೆ 400 ವೋಲ್ಟ್ ಬರುವುದುಂಟು. ಅಲ್ಲಿ ಹೈ ವೋಲ್ಟೇಜ್ ತಡೆಯುವ ಮಾಲಿಗೆ 50 ರೂಪಾಯಿ ಹೆಚ್ಚು ಕೊಟ್ಟರೂ ಲಾಭ. ಮಿಣುಕು ಇದೆಯೇ ಎಂದು ಫೋನ್ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಇಟ್ಟು ಅಂಗಡಿಯಲ್ಲೇ ನೋಡಿ: ಪರದೆಯಲ್ಲಿ ಬೆಳಕು ಪಟಪಟ ಬಡಿದುಕೊಂಡರೆ ಓದುವ ಮಕ್ಕಳ ಕೋಣೆಗೆ ಅದು ಬೇಡ. ಆ ಕೋಣೆಗೆ 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಹೆಚ್ಚಿದಷ್ಟು ನೀಲಿ ಬಿಳುಪು) ಹಿತ, ಅಡುಗೆಮನೆಗೆ 6500.

ಎಲ್‌ಇಡಿ ಬೆಳಕು ಮುಂದಕ್ಕೇ ಬೀಳುವುದರಿಂದ ಚಾವಣಿ ಕತ್ತಲಾಗಿ ಕಾಣಬಹುದು, ಎದುರು ಕೂತವರ ಕಣ್ಣಿಗೂ ಚುಚ್ಚಬಹುದು. ತುದಿ ತಿರುಗುವ ಟ್ಯೂಬ್ ಆದರೆ ಸ್ವಲ್ಪ ಮೇಲಕ್ಕೆ ತಿರುಗಿಸಿ.

ಟ್ಯೂಬಿನ ಮೇಲೆ ಕೊಂಡ ತಾರೀಖು ಬರೆದು, ಬಿಲ್ಲನ್ನು ಫೋಟೋ ತೆಗೆದಿಡಿ. ಎರಡು ವರ್ಷದ ವಾರಂಟಿಗೆ ಅಂಗಡಿಯವರು ಕೇಳುವುದು ಅದನ್ನೇ. ಚೋಕನ್ನು ಗುಜರಿಗೆ ಕೊಡಿ, ಒಳಗೆ ತಾಮ್ರದ ಸುತ್ತಿದ್ದರೆ ನಾಲ್ಕು ಕಾಸು ಬರುತ್ತದೆ. ಹಳೇ ಟ್ಯೂಬನ್ನು ಮಾತ್ರ ಗುಜರಿಗೂ ಕಸದ ಗಾಡಿಗೂ ಎಸೆಯಬೇಡಿ, ಅದರಲ್ಲಿ ಪಾದರಸವಿದೆ. ಹೊಸ ಟ್ಯೂಬ್ ಬಂದ ರಟ್ಟಿನ ಕೊಳವೆಯಲ್ಲೇ ಹಾಕಿ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ಕೈತಪ್ಪಿ ಒಡೆದರೆ ಕಿಟಕಿ ತೆರೆದು ಹದಿನೈದು ನಿಮಿಷ ಎಲ್ಲರೂ ಹೊರಗಿರಿ, ಪೊರಕೆ ಹಾಕದೆ ಗಟ್ಟಿ ರಟ್ಟಿನಿಂದ ಚೂರುಗಳನ್ನು ಎತ್ತಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೂರುಗಳ ಜೊತೆಗೇ ಕವರಿನಲ್ಲಿ ಕಟ್ಟಿಡಿ.