ಫ್ರೆಂಚ್ ಉಚ್ಚಾರಣೆಯ ಸ್ವಯಂಕಲಿಕೆ: ಚಂದಾ ಕಟ್ಟಿದ ಒಂದು ಆ್ಯಪ್, ಕಾಸಿಲ್ಲದ ನಾಲ್ಕು ಸಾಧನ

ಶಿಕ್ಷಕರ ನೆರವಿಲ್ಲದೆ ಫ್ರೆಂಚ್ ಉಚ್ಚಾರಣೆ ಕಲಿಯಲು ಎರಡು ವರ್ಷಕ್ಕೂ ಮೇಲ್ಪಟ್ಟು ಬಳಸಿದ ಸಾಧನಗಳ ಬಗ್ಗೆ ಬರೆಯುತ್ತಿದ್ದೇನೆ. ವರ್ಷದ ಚಂದಾ ಕಟ್ಟಿ ಪಡೆದ ಒಂದು ಆ್ಯಪ್ ಬಿಟ್ಟರೆ ಉಳಿದವಕ್ಕೆ ಖರ್ಚಿಲ್ಲ: ಫೋರ್ವೊ ಜಾಲತಾಣ, ಆಂಕಿ ಎಂಬ ನೆನಪಿನ ಚೀಟಿಗಳ ತಂತ್ರಾಂಶ, ಪ್ರಾತ್ ಎಂಬ ಧ್ವನಿ ವಿಶ್ಲೇಷಣೆಯ ತಂತ್ರಾಂಶ, ಆರ್‌ಎಫ್‌ಐ ಬಾನುಲಿಯ ಸರಳ ಫ್ರೆಂಚ್ ವಾರ್ತೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಾಸು ಕೊಟ್ಟದ್ದು ಕೈಕೊಟ್ಟಿತು, ಪುಕ್ಕಟೆ ಸಿಕ್ಕವು ಕೈಹಿಡಿದವು. ಕಾರಣ ಬೆಲೆಯಲ್ಲ. ನಾನು ನೋಡಿದ ಉಚ್ಚಾರಣಾ ಪಾಠಗಳಲ್ಲಿ ಬಹುಪಾಲು ಇಂಗ್ಲಿಷ್ ಮಾತೃಭಾಷೆಯವರ ಬಾಯಿಗೆ ಅಳತೆ ತೆಗೆದು ಹೊಲಿದವು. ಕನ್ನಡಿಗರಿಗೆ ಅವು ಕೆಲವೆಡೆ ದೊಗಲೆ, ಕೆಲವೆಡೆ ಬಿಗಿ.

ನನಗೆ ಇದು ಬೇಕಾದದ್ದು ಕಚೇರಿಯ ಕಾರಣಕ್ಕೆ. ತಂಡದ ಅರ್ಧ ಜನ ದಕ್ಷಿಣ ಫ್ರಾನ್ಸಿನ ತುಲೂಜ್ ನಗರದಲ್ಲಿದ್ದಾರೆ. ಏರ್‌ಬಸ್‌ನ ಮುಖ್ಯ ಕಚೇರಿಯಿರುವ ಊರು ಅದು, ಬೆಂಗಳೂರಿನ ವಿಮಾನ ಉದ್ಯಮದವರಿಗೆ ಹೊಸದೇನಲ್ಲ. ಓದುವುದು, ಇಮೇಲ್ ಬರೆಯುವುದು ಹೇಗೋ ನಡೆಯುತ್ತಿತ್ತು. ಫೋನಿನಲ್ಲಿ ಬಾಯಿ ತೆರೆದರೆ ಮಾತ್ರ ಎದುರಿನವರು ನಯವಾಗಿ ಇಂಗ್ಲಿಷಿಗೆ ಹೊರಳುತ್ತಿದ್ದರು. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗಿ ತರಗತಿಯಲ್ಲಿ ಕೂರಲು ನನ್ನ ಪಾಳಿಯ ಕೆಲಸ ಬಿಡುತ್ತಿರಲಿಲ್ಲ.

ಆ್ಯಪ್‌ನ ಹೆಸರು ಹೇಳುವುದಿಲ್ಲ. ಅದು ಒಂದು ವಾಕ್ಯ ತೋರಿಸುತ್ತದೆ, ಮೈಕಿನ ಗುಂಡಿ ಒತ್ತಿ ಓದಬೇಕು, ಹಸಿರು ಬಂದರೆ ಪಾಸು, ಕೆಂಪು ಬಂದರೆ ಮತ್ತೊಮ್ಮೆ. ಮೊದಮೊದಲು ಹಸಿರು ಕಂಡಷ್ಟೂ ಹುರುಪು. ಒಂದು ಸಂಜೆ ಪರೀಕ್ಷಿಸಲೆಂದೇ ‘ನಾನು ಮೀನು ತಿನ್ನುತ್ತೇನೆ’ ಎಂಬ ವಾಕ್ಯದಲ್ಲಿ ಸಕಾರಕ್ಕೆ ನಾದ ಬೆರೆಸಿ ಝಕಾರದಂತೆ ನುಡಿದೆ. ಫ್ರೆಂಚಿನಲ್ಲಿ ಪ್ವಾಸೋಂ ಎಂದರೆ ಮೀನು, ಪ್ವಾಝೋಂ ಎಂದರೆ ವಿಷ. ವಿಷ ತಿನ್ನುತ್ತೇನೆ ಎಂದವನಿಗೆ ಆ್ಯಪ್ ಹಸಿರು ಗುರುತು ಕೊಟ್ಟು ಶಹಬ್ಬಾಸ್ ಎಂದಿತು. ಆಮೇಲೆ ಸರಿಯಾಗಿಯೇ ಹೇಳಿದ ಇನ್ನೊಂದು ವಾಕ್ಯಕ್ಕೆ ಕೆಂಪು ಬಂತು. ಸೀಲಿಂಗ್ ಫ್ಯಾನ್ ಆರಿಸಿ ಹೇಳಿದರೆ ಅದೇ ವಾಕ್ಯ ಪಾಸಾಯಿತು.

ಇದು ಆ ಒಂದು ತಂತ್ರಾಂಶದ ಅಜಾಗರೂಕತೆಯೇನಲ್ಲ, ಜಾತಿಯ ಗುಣ. ಮಾತನ್ನು ಅಕ್ಷರಕ್ಕಿಳಿಸುವ ಯಂತ್ರದ ಕೆಲಸವೇ ಹೇಳಿದವರ ಉದ್ದೇಶವನ್ನು ಊಹಿಸುವುದು. ನೀವು ತೊದಲಿದರೂ, ಸುತ್ತ ಗದ್ದಲವಿದ್ದರೂ, ಅಕ್ಕಪಕ್ಕದ ಪದಗಳನ್ನು ನೋಡಿ ಹೆಚ್ಚು ಸಂಭವನೀಯವಾದದ್ದನ್ನು ಅದು ಆರಿಸಿಕೊಳ್ಳುತ್ತದೆ. ತಿನ್ನುವ ಮಾತು ಬಂದಾಗ ವಿಷಕ್ಕಿಂತ ಮೀನೇ ಹೆಚ್ಚು ಸಂಭವ. ಅದರ ಮೇಲೆ ಇಂಥ ಅಭ್ಯಾಸಗಳಲ್ಲಿ ಬರಬೇಕಾದ ವಾಕ್ಯ ಯಾವುದೆಂದು ಮೊದಲೇ ಗೊತ್ತಿರುತ್ತದೆ. ದಾರಿ ಕೇಳುವಾಗ ಇಂಥ ಔದಾರ್ಯ ಉಪಕಾರಿ. ಉಚ್ಚಾರಣೆ ತಿದ್ದುವಾಗ ಅದರಿಂದ ಕೇಡೇ ಹೆಚ್ಚು. ಒಂದೊಂದು ಧ್ವನಿಯನ್ನೂ ಬಿಡಿಸಿ ಅಂಕ ಕೊಡುವ ವ್ಯವಸ್ಥೆಗಳೂ ಇವೆ. ನಾನು ಚಂದಾ ಕಟ್ಟಿದ್ದು ಅಂಥದ್ದಕ್ಕಲ್ಲ, ಕೊಳ್ಳುವ ಮೊದಲು ಇದನ್ನೊಂದು ಕೇಳಿಕೊಳ್ಳಿ.

ಅಂಕಗಳ ಕಥೆ ಹಾಗಿರಲಿ, ಪಾಠದ ವಸ್ತುವಿನ ಬಗ್ಗೆಯೇ ನನ್ನ ದೊಡ್ಡ ತಕರಾರು. ಮೊದಲ ಪಾಠಗಳಲ್ಲಿ ಬಾಯಿಯ ಮುಂದೆ ಕಾಗದ ಹಿಡಿದು ಪ, ತ, ಕ ಹೇಳಬೇಕು, ಕಾಗದ ಅಲುಗಬಾರದು. ಪ-ಫ, ತ-ಥ, ಕ-ಖ ಎಂದು ಕಾಗುಣಿತ ಕಲಿತವರಿಗೆ ಕಾಗದ ಅಲುಗುವುದೇ ಇಲ್ಲ. ಮುಂದಿನ ಪಾಠ ಏಕಾರ, ಓಕಾರಗಳನ್ನು ಜಾರಿಸದೆ ನಿಲ್ಲಿಸುವುದು. ಇಂಗ್ಲಿಷರ ‘ಡೇ’, ‘ಗೋ’ಗಳು ಕೊನೆಯಲ್ಲಿ ಜಾರುತ್ತವೆ; ನಮ್ಮ ಏ, ಓ ಜಾರುವುದಿಲ್ಲ. ಫ್ರೆಂಚಿನ ತಕಾರ ದಂತ್ಯ, ನಮ್ಮ ತಕಾರದ ಹಾಗೆಯೇ. ನಮಗೆ ಬೇಕಾದ ಎಚ್ಚರಿಕೆ ಒಂದೇ: ಇಂಗ್ಲಿಷ್ ಶಾಲೆಯ ರೂಢಿಯಿಂದ ಆ ಅಕ್ಷರ ಕಂಡಲ್ಲೆಲ್ಲ ಟಕಾರ ಹೇಳುವುದನ್ನು ಬಿಡಬೇಕು. ಒಟ್ಟಿನಲ್ಲಿ ನಮ್ಮಲ್ಲಿ ಮೊದಲೇ ಇದ್ದ ಸೊತ್ತನ್ನು ನಮಗೇ ಮಾರುವ ಪಾಠಗಳು. ನಮಗೆ ನಿಜವಾಗಿ ತೊಡಕಾಗುವ ವಿಷಯಗಳ ಸುದ್ದಿಯೇ ಅಲ್ಲಿಲ್ಲ.

ಆ ತೊಡಕುಗಳಲ್ಲಿ ಮೊದಲನೆಯದು ಪದದ ಆರಂಭದ ಸ್ವರ. ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುತ್ತೇವೆ, ‘ಒಂದು’ ಎಂದು ಬರೆದು ‘ವೊಂದು’, ಊಟಕ್ಕೆ ಕರೆಯುವಾಗ ‘ವೂಟ’. ಕನ್ನಡದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಫ್ರೆಂಚಿನಲ್ಲಿ ‘ಊ’ ಎಂದರೆ ಎಲ್ಲಿ, ‘ವೂ’ ಎಂದರೆ ನೀವು. ಎಲ್ಲಿ ಎಂದು ಕೇಳಿದವನು ನೀವು ಎಂದು ಕೈತೋರಿದಂತಾಗುತ್ತದೆ. ನೀರಿಗೆ ‘ಓ’, ಕರುವಿಗೆ ‘ವೋ’. ನೀರಿನ ಹಿಂದೆ ಸಾಮಾನ್ಯವಾಗಿ ಲಕಾರ ಅಂಟಿಕೊಂಡಿರುವುದರಿಂದ ಅಲ್ಲಿ ಹೇಗೋ ಪಾರಾಗುತ್ತೇವೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಪದಕ್ಕೆ ಮೊದಲು ಬಾಯಿ ತೆರೆದು, ತುಟಿಯ ಆಕಾರ ಕೂಡಿಸಿಟ್ಟುಕೊಂಡು, ಆಮೇಲಷ್ಟೇ ದನಿ ಬಿಡುವುದು. ತುಟಿ ಓಡಾಡುತ್ತಿರುವಾಗ ದನಿ ಬಿಟ್ಟರೆ ವಕಾರ ನುಸುಳುತ್ತದೆ.

ಎರಡನೆಯದು ಅನುಸ್ವಾರ. ನಮ್ಮ ಸೊನ್ನೆ ಮುಂದಿನ ವ್ಯಂಜನ ನೋಡಿ ವೇಷ ಬದಲಿಸುತ್ತದೆ: ಅಂಗದಲ್ಲಿ ಙಕಾರ, ಅಂದದಲ್ಲಿ ನಕಾರ, ಅಂಬೆಯಲ್ಲಿ ಮಕಾರ. ಎಲ್ಲ ಕಡೆಯೂ ನಾಲಿಗೆಯೋ ತುಟಿಯೋ ಎಲ್ಲಾದರೂ ತಾಗಲೇಬೇಕು. ಫ್ರೆಂಚಿನ ಅನುನಾಸಿಕ ಸ್ವರದಲ್ಲಿ ಯಾವುದೂ ಯಾವುದಕ್ಕೂ ತಾಗುವುದಿಲ್ಲ, ಗಾಳಿ ಮೂಗಿನಲ್ಲಿಯೂ ಬಾಯಲ್ಲಿಯೂ ಒಟ್ಟಿಗೆ ಹೋಗುತ್ತದೆ. ‘ಬೋಂ’ ಎಂದು ಹೇಳಿ ಕನ್ನಡಿ ನೋಡಿಕೊಳ್ಳಿ. ಕೊನೆಯಲ್ಲಿ ತುಟಿ ಮುಚ್ಚಿದ್ದರೆ ಅದು ಕನ್ನಡದ ಬೋಂ. ಗಾಳಿಗೆ ವಾಂ, ದ್ರಾಕ್ಷಾರಸಕ್ಕೆ ವ್ಯಾಂ, ‘ಹೋಗುತ್ತಾರೆ’ ಎಂಬುದಕ್ಕೆ ವೋಂ. ಮೂರಕ್ಕೂ ಸ್ವರವೊಂದೇ ಭೇದ. ಮನೆಯಲ್ಲಿ ಕೊಂಕಣಿ ಆಡುವ ಕರಾವಳಿಯವರಿಗೆ ಇದು ಬಹಳ ಹಗುರ, ಅವರ ಭಾಷೆಯಲ್ಲಿ ಅನುನಾಸಿಕ ಸ್ವರಗಳು ಸಹಜವಾಗಿವೆ. ನಾವು ಉಳಿದವರು ಬೆವರು ಸುರಿಸಬೇಕು.

ಮೂರನೆಯದು, ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಅಂಟಿಸುವ ಚಟ. ಬಸ್ಸು, ಕಾರು, ಬ್ಯಾಂಕು ಎಂದು ಪಳಗಿದ ನಾಲಿಗೆ ಫ್ರೆಂಚಿನ ‘ಫಾಮ್’ ಅನ್ನೂ ‘ಫಾಮು’ ಮಾಡುತ್ತದೆ. ಇಲ್ಲಿ ಒಂದು ತಮಾಷೆಯಿದೆ. ಪ್ಯಾರಿಸ್ಸಿನವರು ನುಂಗುವ ಪದಾಂತ್ಯದ ಸ್ವರವನ್ನು ತುಲೂಜಿನವರು ನುಂಗುವುದಿಲ್ಲ, ಅನುನಾಸಿಕದ ಬಾಲಕ್ಕೆ ಸಣ್ಣದೊಂದು ಙಕಾರವನ್ನೂ ಕಟ್ಟುತ್ತಾರೆ. ಬ್ರೆಡ್ಡಿಗೆ ‘ಪ್ಯಾಂ’ ಎನ್ನುವ ಬದಲು ‘ಪ್ಯಾಙ್’ ಎಂಬಂತೆ ಕೇಳುತ್ತದೆ. ನಮ್ಮ ಈ ದೋಷಗಳಿಗೆ ಅಲ್ಲಿ ದೂರದ ನೆಂಟಸ್ತಿಕೆ ಇದೆ. ಹಾಗೆಂದು ನಾನು ಆ ಧಾಟಿಯನ್ನು ಹಿಡಿಯಲಿಲ್ಲ, ಅರೆಬರೆ ಅನುಕರಣೆ ಅಣಕದಂತೆ ಕೇಳುತ್ತದೆ.

ಈಗ ಕೆಲಸಕ್ಕೆ ಬಂದ ಸಾಧನಗಳು. ಫೋರ್ವೊ 2008ರಲ್ಲಿ ಆರಂಭವಾದ ಜಾಲತಾಣ. ಆಯಾ ಭಾಷೆ ಆಡುವವರೇ ಪದಗಳನ್ನು ಓದಿ ಧ್ವನಿಮುದ್ರಿಸಿರುತ್ತಾರೆ, ಗಂಡೋ ಹೆಣ್ಣೋ, ಯಾವ ದೇಶದವರು ಎಂಬುದೂ ಇರುತ್ತದೆ. ಫ್ರೆಂಚಿನಲ್ಲಿ ‘ಮೇಲೆ’ ಮತ್ತು ‘ಕೆಳಗೆ’ ಎಂಬ ಎರಡು ಪದಗಳನ್ನು ಕನ್ನಡದಲ್ಲಿ ಬರೆಯಹೋದರೆ ಎರಡೂ ‘ದಸು’ ಆಗುತ್ತವೆ. ಭೇದವಿರುವುದು ಕೊನೆಯ ಸ್ವರದಲ್ಲಿ, ನಮ್ಮ ಕಿವಿಗೆ ಅದು ಬೀಳುವುದೇ ಇಲ್ಲ. ಇಂಥ ಜೋಡಿಗಳನ್ನು ನಾಲ್ಕೈದು ಬೇರೆ ಬೇರೆ ಕಂಠಗಳಲ್ಲಿ ಇಳಿಸಿಕೊಂಡು ಆಂಕಿಗೆ ಹಾಕಿದೆ. ಚೀಟಿಯ ಮುಖದಲ್ಲಿ ಬರೀ ಧ್ವನಿ, ಬೆನ್ನಿನಲ್ಲಿ ಉತ್ತರ. ಮೇಲೋ ಕೆಳಗೋ ಹೇಳಬೇಕು. ಬಾಯಿ ತೆರೆಯುವ ಕೆಲಸವಿಲ್ಲ, ಬಸ್ಸಿನಲ್ಲಿ ಕೂತೂ ಮಾಡಬಹುದು. ಮೊದಲ ವಾರಗಳಲ್ಲಿ ಉತ್ತರ ಬರೀ ಊಹೆ, ಆಮೇಲೆ ಕಿವಿ ತಾನಾಗಿ ಬಿಚ್ಚಿಕೊಂಡಿತು. ಕಂಠ ಬದಲಾಗುತ್ತಿರಬೇಕು ಎಂಬುದು ನನ್ನ ಸ್ವಂತ ಶೋಧವೇನಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರ-ಲ ಭೇದ ಕೇಳಿಸದ ಜಪಾನಿಯರನ್ನು ಹಲವರ ಕಂಠಗಳಿಂದ ತರಬೇತುಗೊಳಿಸಿ ಫಲ ಕಂಡಿದ್ದರು. ಆ್ಯಪ್‌ಗಳಲ್ಲಿ ಬಹುಪಾಲು ಒಂದೋ ಎರಡೋ ಕಂಠ. ಅದೇ ಕಂಠಕ್ಕೆ ಕಿವಿ ಒಗ್ಗಿ, ಬೇರೆಯವರು ಮಾತಾಡಿದರೆ ಮತ್ತೆ ಮೊದಲಿನ ಕತ್ತಲೆ. ಫೋರ್ವೊದಲ್ಲಿ ಧ್ವನಿಮುದ್ರಣದ ಗುಣಮಟ್ಟ ಏರುಪೇರು, ಕೇಳಿ ಆರಿಸಿಕೊಳ್ಳಬೇಕು.

ಕಿವಿ ಹಿಡಿದದ್ದನ್ನು ಬಾಯಿಗೆ ತರುವಾಗ ಪ್ರಾತ್ ಬೇಕು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ ಈ ತಂತ್ರಾಂಶ ಧ್ವನಿವಿಜ್ಞಾನಿಗಳಿಗಾಗಿ ಮಾಡಿದ್ದು, ಮುಖಪುಟ ನೋಡಿದರೆ ಎದೆ ಒಡೆಯುತ್ತದೆ. ಹೆದರಬೇಡಿ, ನಮಗೆ ಬೇಕಾದದ್ದು ಒಂದೇ ಮೂಲೆ. ಧ್ವನಿಮುದ್ರಿಸಿ ತೆರೆದರೆ ಬೂದು ಪಟ್ಟೆಗಳ ಮೇಲೆ ಕೆಂಪು ಚುಕ್ಕೆಗಳ ಸಾಲು ಕಾಣುತ್ತದೆ. ಕೆಳಗಿನಿಂದ ಎರಡನೆಯ ಸಾಲು ನಾಲಿಗೆ ಎಷ್ಟು ಮುಂದಿದೆ ಎಂಬುದರ ಸುಳಿವು. ‘ಮೇಲೆ’ ಎಂಬ ಫ್ರೆಂಚ್ ಪದದ ಕೊನೆಯ ಆ ತುಂಟ ಸ್ವರಕ್ಕೆ ನಾಲಿಗೆ ‘ಈ’ ಎನ್ನುವಲ್ಲಿ ನಿಂತಿರಬೇಕು, ತುಟಿ ಮಾತ್ರ ‘ಊ’ ಎಂದು ದುಂಡಗಾಗಬೇಕು. ಹೇಳುವುದು ಸುಲಭ. ಕನ್ನಡದಲ್ಲಿ ತುಟಿ ದುಂಡಗಾದರೆ ನಾಲಿಗೆ ಹಿಂದೆ ಸರಿಯುವುದು ಹುಟ್ಟಿನಿಂದ ಬಂದ ಅಭ್ಯಾಸ, ನಮಗೆ ತಿಳಿಯದಂತೆಯೇ ಸರಿದುಬಿಡುತ್ತದೆ. ‘ಊ’ ಎಂದಾಗ ಎರಡನೆಯ ಸಾಲು 1000 ಹರ್ಟ್ಸ್‌ಗಿಂತ ಕೆಳಗಿರುತ್ತದೆ, ಫ್ರೆಂಚರ ಆ ಸ್ವರದಲ್ಲಿ 1700ರಿಂದ 2000ದ ಆಸುಪಾಸು. ನಾನು ‘ಈ’ಯಿಂದ ಆರಂಭಿಸಿ ತುಟಿಯನ್ನು ನಿಧಾನವಾಗಿ ಮುಂದೆ ತರುತ್ತಾ ಒಂದೇ ಉಸಿರಿನಲ್ಲಿ ಧ್ವನಿಮುದ್ರಿಸುತ್ತಿದ್ದೆ. ಪರದೆಯ ಮೇಲೆ ಚುಕ್ಕೆಗಳು ಮೆಲ್ಲಗೆ ಸ್ವಲ್ಪ ಇಳಿದು, ಒಂದು ಜಾಗದಲ್ಲಿ ಬಾವಿಗೆ ಬಿದ್ದಂತೆ ಧೊಪ್ಪನೆ ಕುಸಿಯುತ್ತಿದ್ದವು. ನಾಲಿಗೆ ಜಾರಿದ ಕ್ಷಣ ಅದು. ಆ ಕುಸಿತಕ್ಕೆ ಸ್ವಲ್ಪ ಮೊದಲು ನಿಲ್ಲುವುದನ್ನು ಕಲಿತದ್ದೇ ಕಲಿಕೆ. ಯಾವ ಹಸಿರು ಗುರುತೂ ಇದನ್ನು ತೋರಿಸಿರಲಿಲ್ಲ. ಒಂದು ಸೂಚನೆ: ಆ ಚುಕ್ಕೆಗಳ ಸಾಲಿಗೆ ಫಾರ್ಮಂಟ್ ಎಂದು ಹೆಸರು, ಅದರ ಆಯ್ಕೆಯಲ್ಲಿ ಮೇಲಿನ ಮಿತಿ ಗಂಡುದನಿಗೆ 5000, ಹೆಣ್ಣುದನಿಗೆ 5500 ಇರಲಿ. ತಾನಾಗಿ 5500 ಇರುವುದರಿಂದ ಗಂಡಸರು ಬದಲಿಸಿಕೊಳ್ಳಬೇಕು.

ಬಿಡಿ ಪದಗಳಿಂದ ಮಾತಿಗೆ ಬರಲು ಆರ್‌ಎಫ್‌ಐ. ದಿನಕ್ಕೊಂದು ಹತ್ತು ನಿಮಿಷದ ವಾರ್ತೆ, ಜೊತೆಗೆ ಓದಿದ ಪಠ್ಯ. ಪೂರ್ತಿ ಕೇಳುವ ಆಸೆ ಬಿಟ್ಟು ಅರ್ಧ ನಿಮಿಷದ ತುಣುಕು ಹಿಡಿಯಿರಿ, ಪಠ್ಯ ಮುದ್ರಿಸಿಕೊಂಡು ಪೆನ್ಸಿಲಿನಿಂದ ಪದಗಳು ಎಲ್ಲಿ ಬೆಸೆದುಕೊಂಡಿವೆ ಎಂದು ಕಮಾನು ಹಾಕಿ. ಲಿಯೇಝೋಂ ಎಂಬ ಈ ಬೆಸುಗೆ ಮೇಲ್ನೋಟಕ್ಕೆ ನಮ್ಮ ಆಗಮಸಂಧಿಯಂತಿದೆ, ಆದರೆ ಇಲ್ಲಿ ಹೊಸ ಅಕ್ಷರ ಬರುವುದಿಲ್ಲ. ಬರಹದಲ್ಲಿ ಮೌನವಾಗಿದ್ದ ಅಕ್ಷರವೇ ಮುಂದಿನ ಸ್ವರ ಕಂಡು ಎಚ್ಚೆತ್ತುಕೊಳ್ಳುತ್ತದೆ. ಗೆಳೆಯರು ‘ಲೇಝಾಮಿ’. ವೀರರು ಮಾತ್ರ ‘ಲೇ ಏರೋ’, ಅಲ್ಲಿ ಬೆಸೆಯುವಂತಿಲ್ಲ. ಬೆಸೆದರೆ ‘ಲೇಝೇರೋ’, ಅಂದರೆ ವೀರರೆಲ್ಲ ಸೊನ್ನೆಗಳು. ಆರು ಎಂಬ ಸಂಖ್ಯೆ ಒಂಟಿಯಾಗಿ ‘ಸೀಸ್’, ವ್ಯಂಜನದ ಮುಂದೆ ‘ಸಿ’, ಸ್ವರದ ಮುಂದೆ ‘ಸೀಝ್’. ಇವನ್ನು ನಿಯಮವಾಗಿ ಉರುಹೊಡೆದರೆ ಬಾಯಿಗೆ ಬರುವುದಿಲ್ಲ, ವಾಚಕರ ಬೆನ್ನಿಗೇ ಅರ್ಧ ಸೆಕೆಂಡು ಹಿಂದೆ ಓದುತ್ತಾ ಹೋದರೆ ಬರುತ್ತದೆ. ಪದಪುಂಜದ ಕೊನೆಯ ಅಕ್ಷರಕ್ಕೆ ಒತ್ತು ಕೊಡುವ ಅವರ ಲಯವೂ ಹೀಗೆಯೇ ಮೈಗೂಡಬೇಕು. ವಾರ್ತೆಯ ಭಾಷೆ ಅಚ್ಚುಕಟ್ಟು ಎಂಬುದು ನೆನಪಿರಲಿ: ‘ನನಗೆ ಗೊತ್ತಿಲ್ಲ’ ಎಂಬುದನ್ನು ಅಲ್ಲಿ ನಾಲ್ಕು ಪದಗಳಲ್ಲಿ ಬಿಡಿಸಿ ಹೇಳುತ್ತಾರೆ, ಕಚೇರಿಯ ಕರೆಯಲ್ಲಿ ಅದು ‘ಶೇ ಪಾ’.

ಆರ್ ಅಕ್ಷರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಗಂಟಲಿನ ರಕಾರ ಬಾರದಿದ್ದರೆ ಚಿಂತೆ ಬೇಡ, ಅರ್ಥ ಕೆಡುವುದಿಲ್ಲ. ಫ್ರೆಂಚಿನಲ್ಲಿ ರಕಾರ ಒಂದೇ, ನಮ್ಮ ಹಾಗೆ ನಾಲಿಗೆ ತುದಿ ಅದುರಿಸುವವರು ಫ್ರಾನ್ಸಿನ ಹಳ್ಳಿಗಾಡಿನಲ್ಲಿಯೂ ಇದ್ದರು. ಅದಕ್ಕೆ ತಿಂಗಳುಗಟ್ಟಲೆ ಗಂಟಲು ಕೆರೆದುಕೊಳ್ಳುವುದಕ್ಕಿಂತ ‘ಮೇಲೆ’-‘ಕೆಳಗೆ’ ಸರಿಮಾಡಿಕೊಳ್ಳುವುದು ಲಾಭ. ಒಂದೊಂದು ಧ್ವನಿಗೆ ಒಂದೊಂದು ಸಂಕೇತವಿರುವ ಧ್ವನಿಲಿಪಿಯನ್ನಂತೂ ಮೊದಲ ವಾರದಲ್ಲೇ ಕಲಿಯಿರಿ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಪೌಲ್ ಪಾಸಿ ಮತ್ತವರ ಸಂಗಡಿಗ ಶಿಕ್ಷಕರು ಕಟ್ಟಿದ ಸಂಘದಿಂದ ಬಂದದ್ದು ಅದು. ಸಾಂಪ್ರದಾಯಿಕ ಲೆಕ್ಕದಲ್ಲಿ ಫ್ರೆಂಚಿಗೆ ಬೇಕಾಗುವುದು 36 ಸಂಕೇತ, ನಮ್ಮ ವರ್ಣಮಾಲೆಗಿಂತ ಕಡಿಮೆ.

ಕೆನಡಾದ ವಲಸೆಗಾಗಿ ಟಿಇಎಫ್ ಎಂಬ ಫ್ರೆಂಚ್ ಪರೀಕ್ಷೆ ಬರೆಯುವವರಿಗೆ ಎರಡು ಮಾತು. 2023ರಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಲ್ಲಿನ ವಲಸೆ ವ್ಯವಸ್ಥೆಯಲ್ಲಿ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ವಿಭಾಗ ಬಂದ ಮೇಲೆ ಬೆಂಗಳೂರಿನಲ್ಲಿ ಬಹಳ ಜನ ಇದರ ಹಿಂದೆ ಬಿದ್ದಿದ್ದಾರೆ, ಕೇಳುವುದು, ಓದುವುದು, ಬರೆಯುವುದು, ಮಾತು ನಾಲ್ಕರಲ್ಲಿಯೂ ಕೆನಡಾದ ಭಾಷಾ ಮಾನಕದ 7ನೆಯ ಮಟ್ಟ ಬೇಕು. ಮಾತಿನ ಪರೀಕ್ಷೆಯಲ್ಲಿ ಎದುರಿಗಿರುವುದು ಮನುಷ್ಯ, ಆ್ಯಪ್‌ನ ಅಂಕ ನಂಬಿ ಹೋಗಬೇಡಿ. ಕೆನಡಾದಲ್ಲಿ ಫ್ರೆಂಚ್ ಆಡುವ ಪ್ರಾಂತ್ಯವಾದ ಕೆಬೆಕ್‌ನವರ ಬಾಯಲ್ಲಿ ‘ನೀನು’ ಎಂಬ ಪದದ ತಕಾರ ‘ತ್ಸ’ ಆಗುತ್ತದೆ, ಅದನ್ನೂ ಕಿವಿಗೆ ಹಾಕಿಕೊಳ್ಳಿ; ಫೋರ್ವೊದಲ್ಲಿ ಕೆನಡಾದ ಕಂಠಗಳನ್ನು ಹುಡುಕಿದರೆ ಸಿಗುತ್ತವೆ.

ನಾನು ಚಂದಾ ನವೀಕರಿಸಲಿಲ್ಲ. ಆ ದುಡ್ಡಿನಲ್ಲಿ ತಂತಿಯಿರುವ ಒಂದು ಹೆಡ್‌ಸೆಟ್ ಕೊಂಡೆ, ಬ್ಲೂಟೂತ್ ಮೈಕಿನಲ್ಲಿ ಧ್ವನಿ ಕುಗ್ಗಿ ಪ್ರಾತ್‌ನ ಚಿತ್ರ ಕೆಡುತ್ತಿತ್ತು. ಉಳಿದದ್ದನ್ನು ಆಗೊಮ್ಮೆ ಈಗೊಮ್ಮೆ ಫ್ರೆಂಚ್ ಶಿಕ್ಷಕಿಯೊಬ್ಬರ ಅರ್ಧ ಗಂಟೆಗೆ ಕೊಡುತ್ತೇನೆ. ಪಾಠ ಬೇಡ, ನಾನು ಓದುತ್ತೇನೆ, ತಪ್ಪಿದಲ್ಲಿ ತಡೆಯಿರಿ ಎಂದಷ್ಟೇ ಅವರೊಂದಿಗೆ ಒಪ್ಪಂದ. ಅವರು ಈಚೆಗೆ ತಡೆಯುವುದೆಲ್ಲ ಅನುನಾಸಿಕಗಳಲ್ಲಿ.