ಎಡಿನ್‌ಬರೋ ನಗರದ ಹಳೆಯ ಡೈರೆಕ್ಟರಿಗಳು: ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಉಚಿತ ಸೇವೆ

1773ರಿಂದ 1911ರವರೆಗಿನ 700ಕ್ಕೂ ಹೆಚ್ಚು ಸ್ಕಾಟಿಷ್ ವಿಳಾಸ ಡೈರೆಕ್ಟರಿಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಸ್ಕ್ಯಾನ್ ಮಾಡಿ, ಯಾವ ಶುಲ್ಕವೂ ಇಲ್ಲದೆ ಓದುಗರಿಗೆ ತೆರೆದಿಟ್ಟಿದೆ. ಅವುಗಳಲ್ಲಿ ಎಡಿನ್‌ಬರೋ ನಗರದ ಸಂಪುಟಗಳನ್ನಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ.

ಆ ನಗರದ ಮೊದಲ ಡೈರೆಕ್ಟರಿಯನ್ನು 1773ರಲ್ಲಿ ಹೊರತಂದವನು ಪೀಟರ್ ವಿಲಿಯಮ್ಸನ್. ಹುಡುಗನಾಗಿದ್ದಾಗ ಅಬರ್ಡೀನ್‌ನಲ್ಲಿ ಅಪಹರಣಕ್ಕೊಳಗಾಗಿ, ಅಮೆರಿಕದಲ್ಲಿ ಜೀತಕ್ಕೆ ಮಾರಾಟವಾಗಿದ್ದ ಈತ, ಸ್ವದೇಶಕ್ಕೆ ಮರಳಿದ ಬಳಿಕ ಎಡಿನ್‌ಬರೋದಲ್ಲಿ ಕಾಫಿ ಅಂಗಡಿ ನಡೆಸಿದ್ದಲ್ಲದೆ, ಒಂದು ಪೆನ್ನಿಗೆ ಕಾಗದ ತಲುಪಿಸುವ ಖಾಸಗಿ ಅಂಚೆಯನ್ನೂ ಆರಂಭಿಸಿದ. ಕಾಗದ ಹಂಚುವವನಿಗೆ ಯಾರ ಮನೆ ಎಲ್ಲಿದೆಯೆಂಬ ಪಟ್ಟಿಯ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1805ರಿಂದ ಅಂಚೆ ಕಚೇರಿಯ ಹೆಸರಿನಲ್ಲಿ ವಾರ್ಷಿಕ ಸಂಪುಟಗಳು ಆರಂಭವಾಗುತ್ತವೆ. ಈ ಸಂಗ್ರಹದ ನಿಜವಾದ ಬೆಲೆ ಇರುವುದು ಇಲ್ಲಿಯೇ. ಬ್ರಿಟನ್ನಿನ ಜನಗಣತಿ ಹತ್ತು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತಿದ್ದುದರಿಂದ, ನಡುವಿನ ಅವಧಿಯಲ್ಲಿ ಒಂದು ಮನೆತನ ಎಲ್ಲೆಲ್ಲಿ ವಾಸವಾಗಿತ್ತೆಂಬುದನ್ನು ತಿಳಿಯಲು ಇಂತಹ ಪುಸ್ತಕಗಳೇ ಆಧಾರ. ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ 1850ರಲ್ಲಿ ಹುಟ್ಟಿದ ಮೇಲೆ ಆತನ ಕುಟುಂಬವು ಹೋವರ್ಡ್ ಪ್ಲೇಸ್‌ನಿಂದ 1853ರಲ್ಲಿ ಇನ್ವರ್‌ಲೀತ್ ಟೆರೇಸ್‌ಗೆ, 1857ರಲ್ಲಿ ಹೆರಿಯಟ್ ರೋಗೆ ಮನೆ ಬದಲಿಸಿತು. ಈ ಎರಡೂ ಬದಲಾವಣೆಗಳು 1851 ಮತ್ತು 1861ರ ಜನಗಣತಿಗಳ ನಡುವೆಯೇ ನಡೆದುಹೋಗಿದ್ದರಿಂದ, ಇನ್ವರ್‌ಲೀತ್ ಟೆರೇಸ್‌ನ ವಾಸ ಜನಗಣತಿಯಲ್ಲಿ ಕಾಣುವುದೇ ಇಲ್ಲ. ಸಂಪುಟದ ಮೇಲೆ ಎರಡೆರಡು ವರ್ಷಗಳ ಹೆಸರಿರುವುದನ್ನು ಕಂಡು ಗೊಂದಲಪಡಬೇಕಾಗಿಲ್ಲ: ಮನೆ ಬಾಡಿಗೆಯ ಕರಾರುಗಳು ಮೇ ತಿಂಗಳಲ್ಲಿ ಬದಲಾಗುತ್ತಿದ್ದುದರಿಂದ, ಪಟ್ಟಿಯೂ ಅದಕ್ಕೆ ಹೊಂದಿಕೊಂಡಿತ್ತು.

ಪದ ಹುಡುಕುವ ಸೌಲಭ್ಯವನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಯಂತ್ರವು ತಾನಾಗಿ ಓದಿದ ಪಠ್ಯವಾದ್ದರಿಂದ ಸಣ್ಣಕ್ಷರಗಳು, ಸಂಕ್ಷಿಪ್ತ ಹೆಸರುಗಳು ಕೈಕೊಡುತ್ತವೆ. ಹಳೆಯ ಸಂಪುಟಗಳ ಉದ್ದನೆಯ ‘ಎಸ್’ ಅಕ್ಷರವನ್ನಂತೂ ಅದು ‘ಎಫ್’ ಎಂದೇ ತಿಳಿಯುವುದುಂಟು. ಹೆಸರುಗಳು ಅಕಾರಾದಿಯಾಗಿಯೇ ಇರುವುದರಿಂದ ಪುಟ ತಿರುವಿ ನೋಡುವುದೇ ವೇಗವಾದ ದಾರಿ. ಬೀದಿವಾರು ಹಾಗೂ ವೃತ್ತಿವಾರು ಪಟ್ಟಿಗಳಿರುವ ಸಂಪುಟಗಳಲ್ಲಿ ಒಂದು ಬೀದಿಯ ಅಂಗಡಿಗಳನ್ನು ಸಾಲಾಗಿ ಓದಬಹುದು. ಹಿಂಬದಿಯ ಜಾಹೀರಾತುಗಳನ್ನು ಬಿಟ್ಟುಬಿಡುವುದು ನಷ್ಟ.

ಇವು ಮನೆಯೊಡೆಯರ ಮತ್ತು ವ್ಯಾಪಾರಿಗಳ ಪುಸ್ತಕಗಳೆಂಬುದು ನೆನಪಿರಲಿ. ಒಂದೊಂದು ಕೋಣೆಯಲ್ಲಿ ವಾಸವಾಗಿದ್ದ ಕೂಲಿಕಾರರು, ಮನೆಗೆಲಸದವರು, ವಿವಾಹಿತ ಸ್ತ್ರೀಯರು ಸಾಮಾನ್ಯವಾಗಿ ಇಲ್ಲಿ ಸಿಗುವುದಿಲ್ಲ. ಅವರಿಗಾಗಿ ಜನಗಣತಿಗೇ ಮರಳಬೇಕು.