ರೂಟರ್ ಸರಿ ಮಾಡೋಕೆ ನಿಮ್ಮ ಮೊಬೈಲ್ ಪರದೆ ಯಾರಿಗೂ ಬೇಡ

ಇದನ್ನು ಬರೆಯೋಕೆ ಎರಡು ವಾರ ಹಿಂದೆಮುಂದೆ ನೋಡಿದೆ. ಮೊನ್ನೆ ನಮ್ಮ ಪಕ್ಕದ ಬೀದಿಯಲ್ಲೇ ಇನ್ನೊಬ್ಬರಿಗೆ ಹೀಗೇ ಆಗಿದೆ ಅಂತ ಗೊತ್ತಾಯಿತು. ಆಮೇಲೆ ಸುಮ್ನಿರೋಕೆ ಮನಸ್ಸಾಗಲಿಲ್ಲ. ಮನೆಯ ವೈಫೈ ನಿಂತುಹೋಯಿತು ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದೆ. ಸುಮಾರು 40 ನಿಮಿಷ ಮಾತಾಡಿದೆ. ಅಷ್ಟರಲ್ಲಿ ನನ್ನ ಖಾತೆಯಿಂದ 44,899 ರೂಪಾಯಿ ಹೋಗಿತ್ತು.

ನಾವಿರೋದು ತುಮಕೂರಿನ ಎಸ್‌ಐಟಿ ಬಡಾವಣೆ ಕಡೆ. ಯಜಮಾನರು ಬೆಳಿಗ್ಗೆ ಟ್ರೈನಿಗೆ ಬೆಂಗಳೂರಿಗೆ ಹೋದರೆ ಮನೆ ಸೇರೋದು ರಾತ್ರಿ ಎಂಟೂವರೆಗೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಗ ಎರಡನೇ ಪಿಯುಸಿ, ಸಂಜೆ ಅವನಿಗೆ ಆನ್‌ಲೈನ್ ಕ್ಲಾಸ್ ಇರುತ್ತದೆ. ಬ್ರಾಡ್‌ಬ್ಯಾಂಡ್ ಡಬ್ಬಿ ಇದ್ದದ್ದು ಹಾಲ್‌ನಲ್ಲಿ, ಟಿವಿ ಪಕ್ಕ. ಅವನ ರೂಮು ಹಿಂದೆ, ನಡುವೆ ಎರಡು ಗೋಡೆ. ಸಿಗ್ನಲ್ ಒಂದೇ ಕಡ್ಡಿ ಬರುತ್ತಿತ್ತು. ಅದಕ್ಕೇ ಎಂ.ಜಿ. ರಸ್ತೆಯ ಅಂಗಡಿಯಿಂದ 1,800 ರೂಪಾಯಿ ಕೊಟ್ಟು ಇನ್ನೊಂದು ರೂಟರ್ ತಂದೆವು. ಅದನ್ನು ಜೋಡಿಸೋಕೆ ಅಂತ ನಾನು ಶುಕ್ರವಾರ ಮಧ್ಯಾಹ್ನ ಹಳೇ ಡಬ್ಬಿಯನ್ನು ಸ್ವಲ್ಪ ಈಚೆಗೆ ಎಳೆದು, ಬೀರುವನ್ನು ಗೋಡೆಗೆ ಒತ್ತಿ ಇಟ್ಟೆ.

ಎರಡು ನಿಮಿಷಕ್ಕೆ ಇಂಟರ್‌ನೆಟ್ ಹೋಯಿತು. ಡಬ್ಬಿ ಮೇಲೆ ಎಲ್‌ಒಎಸ್ ಅಂತ ಬರೆದಿರೋ ಕಡೆ ಕೆಂಪು ದೀಪ ಮಿನುಗೋಕೆ ಶುರುವಾಯಿತು. ಆರು ಗಂಟೆಗೆ ಮಗನ ಕ್ಲಾಸ್, ಮಾರನೇ ದಿನ ಟೆಸ್ಟ್. ಡಬ್ಬಿ ಹಾಕಿ ಹೋದ ಹುಡುಗನ ನಂಬರು ಯಜಮಾನರ ಫೋನಲ್ಲಿತ್ತು, ಅವರು ಫೋನ್ ತೆಗೆಯಲಿಲ್ಲ. ಮೊಬೈಲ್ ಡೇಟಾ ಹಾಕಿಕೊಂಡು ಕಂಪನಿಯ ಹೆಸರು, ತುಮಕೂರು, ಕಸ್ಟಮರ್ ಕೇರ್ ಅಂತ ಟೈಪ್ ಮಾಡಿದೆ. ಮೊದಲು ಬಂದ ನಂಬರಿಗೆ ಫೋನ್ ಮಾಡಿದೆ.

ಮೊದಲು ಎತ್ತಿದವನು ಹಿಂದಿಯಲ್ಲಿ ಮಾತಾಡಿದ. ಕನ್ನಡ ಬೇಕು ಅಂದೆ. ಒಂದು ನಿಮಿಷ ಮ್ಯೂಸಿಕ್ ಬಂತು, ಆಮೇಲೆ ಇನ್ನೊಬ್ಬ ಬಂದ. ತುಂಬಾ ಒಳ್ಳೆ ಕನ್ನಡ, ಮೇಡಂ ಮೇಡಂ ಅಂತ ಮರ್ಯಾದೆ. ನಿಜ ಹೇಳಬೇಕೆಂದರೆ ಕನ್ನಡ ಕೇಳಿದ್ದಕ್ಕೇ ಅರ್ಧ ನಂಬಿಬಿಟ್ಟೆ. ಇನ್ನರ್ಧ ನಂಬಿದ್ದು ಅವನು ಕೇಳಿದ ಒಂದು ಪ್ರಶ್ನೆಗೆ. "ಎಲ್‌ಒಎಸ್ ದೀಪ ಕೆಂಪಗೆ ಮಿನುಗ್ತಿದೆಯಾ ಮೇಡಂ?" ಅಂದ. ನಾನು ಹೇಳೋ ಮೊದಲೇ ಅವನಿಗೆ ಗೊತ್ತಲ್ಲಾ, ಇವನು ಕಂಪನಿಯವನೇ ಅಂದುಕೊಂಡೆ.

ಆ ಕೆಂಪು ದೀಪದ ಅರ್ಥ ಅವತ್ತು ನನಗೆ ಗೊತ್ತಿದ್ದಿದ್ದರೆ ಅಲ್ಲೇ ಫೋನ್ ಇಡುತ್ತಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಅವನು ಮೊದಲು ಒಂದು ಪಿನ್ ತರೋಕೆ ಹೇಳಿದ. ಡಬ್ಬಿ ಹಿಂದೆ ಸಣ್ಣ ತೂತಿದೆ, ಅದರೊಳಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ ಅಂದ. ಒತ್ತಿದೆ. ಎಲ್ಲಾ ದೀಪ ಒಂದು ಸಲ ಆರಿ ಮತ್ತೆ ಹತ್ತಿದವು, ಕೆಂಪು ಮಾತ್ರ ಹಾಗೇ ಇತ್ತು. "ನೋಡಿ ಮೇಡಂ, ಕಾನ್ಫಿಗರೇಶನ್ ಪೂರ್ತಿ ಹೋಗಿದೆ, ನಾವು ಇಲ್ಲಿಂದಲೇ ಹಾಕಬೇಕು" ಅಂದ. ಅದು ಹೋಗಿದ್ದು ಅವನು ನನ್ನ ಕೈಯಲ್ಲಿ ರಿಸೆಟ್ ಒತ್ತಿಸಿದ್ದಕ್ಕೆ. ಕಂಪನಿ ಕೊಟ್ಟ ಡಬ್ಬಿಯೊಳಗೆ ನಮ್ಮ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿರುತ್ತಾರೆ, ಪಿಪಿಪಿಒಇ ಅಂತಾರೆ ಅದಕ್ಕೆ. ರಿಸೆಟ್ ಒತ್ತಿದರೆ ಅದು ಅಳಿಸಿಹೋಗಬಹುದು, ಆಮೇಲೆ ಕಂಪನಿಯವರೇ ಬಂದು ಹಾಕಬೇಕು. ದಯವಿಟ್ಟು ಆ ತೂತಿಗೆ ಕೈ ಹಾಕಬೇಡಿ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಲ್ಲ, ಅದು ಬೇರೆ, ಇದು ಬೇರೆ.

ಆಮೇಲೆ ಮೊಬೈಲ್‌ಗೆ ಒಂದು ಆ್ಯಪ್ ಹಾಕಿಸಿದ. ಪ್ಲೇ ಸ್ಟೋರ್‌ನಲ್ಲೇ ಇತ್ತು, ಅದಕ್ಕೇ ಅನುಮಾನ ಬರಲಿಲ್ಲ. ತೆರೆದಾಗ ಒಂಬತ್ತು ಅಂಕಿಯ ಒಂದು ನಂಬರ್ ಬಂತು, ಓದಿ ಹೇಳಿ ಅಂದ, ಹೇಳಿದೆ. ಏನೋ ಒಪ್ಪಿಗೆ ಕೇಳಿತು, ಅನುಮತಿಸಿ ಅನ್ನೋದನ್ನು ಒತ್ತಿ ಅಂದ, ಒತ್ತಿದೆ. ಅಷ್ಟೇ. ಅಲ್ಲಿಂದ ನನ್ನ ಫೋನಿನ ಪರದೆ ಮೇಲೆ ಏನೇನು ಬರುತ್ತದೋ ಅದೆಲ್ಲಾ ಅವನಿಗೂ ಕಾಣುತ್ತಿತ್ತು. ಈ ಥರದ ಆ್ಯಪ್‌ಗಳು ದೊಡ್ಡ ಆಫೀಸುಗಳಲ್ಲಿ ಕಂಪ್ಯೂಟರ್ ರಿಪೇರಿಗೆ ಅಂತ ಇರೋವು, ಆ್ಯಪ್ ಕೆಟ್ಟದ್ದಲ್ಲ, ಆ ನಂಬರ್ ಯಾರಿಗೆ ಹೇಳುತ್ತೇವೆ ಅನ್ನೋದರಲ್ಲಿ ಎಲ್ಲಾ ಇದೆ. 2019ರಲ್ಲೇ ರಿಸರ್ವ್ ಬ್ಯಾಂಕು ಇಂಥ ಮೋಸದ ಬಗ್ಗೆ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತಂತೆ. ನನ್ನಂಥವರ ಕಿವಿಗೆ ಅದು ಬಿದ್ದೇ ಇಲ್ಲ.

ಕೊನೆಗೆ ಒಂದು ಲಿಂಕ್ ಕಳಿಸಿದ. ಕಂಪನಿಯ ಲೋಗೋ ಇತ್ತು, ಬಣ್ಣ ಅದೇ. ದೂರು ದಾಖಲಾಗೋಕೆ 10 ರೂಪಾಯಿ ಕಟ್ಟಬೇಕು, ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆ ಅಂದ. 10 ರೂಪಾಯಿ ಅಂದಾಗ ಯಾರಿಗೆ ಭಯ ಆಗುತ್ತದೆ ಹೇಳಿ. ಡೆಬಿಟ್ ಕಾರ್ಡ್ ನಂಬರ್, ಅದರ ಹಿಂದಿನ ಮೂರು ಅಂಕಿ ಎಲ್ಲಾ ತುಂಬಿದೆ. ಓಟಿಪಿ ಬಂತು. ನಾನು ಬಾಯಿಬಿಟ್ಟು ಅದನ್ನು ಯಾರಿಗೂ ಹೇಳಲಿಲ್ಲ. ಹೇಳೋ ಅಗತ್ಯವೇ ಇರಲಿಲ್ಲ, ಮೆಸೇಜು ಪರದೆ ಮೇಲೆ ಇಳಿದ ತಕ್ಷಣ ಅವನು ಓದಿಕೊಂಡ. ಓಟಿಪಿ ಯಾರಿಗೂ ಹೇಳಬೇಡಿ ಅಂತ ನಮಗೆ ಹೇಳಿ ಹೇಳಿ ಕಲಿಸಿದ್ದಾರೆ, ನಾನೂ ಅದನ್ನು ಪಾಲಿಸಿದೆ ಅಂದುಕೊಂಡಿದ್ದೆ.

"ಸರ್ವರ್ ಸ್ಲೋ ಇದೆ, ಫೋನ್ ಕಟ್ ಮಾಡಬೇಡಿ ಮೇಡಂ, ಫೋನ್ ಉಲ್ಟಾ ಇಟ್ಟುಬಿಡಿ" ಅಂದ. ಮೇಜಿನ ಮೇಲೆ ಬೋರಲು ಹಾಕಿ ಇಟ್ಟೆ. ಹೊಲಿಗೆ ಮಿಷನ್ ಪಕ್ಕ ಕೂತು ರೆಡ್ ಲೈಟ್ ನೋಡುತ್ತಾ ಇದ್ದೆ. ಫೋನು ಎರಡು ಸಲ ಗುರ್ ಅಂತು. ತಿರುಗಿಸಿ ನೋಡಿದಾಗ 24,900 ಒಂದು ಸಲ, 19,999 ಇನ್ನೊಂದು ಸಲ ಹೋಗಿತ್ತು. ಎರಡು ಮದುವೆ ಸೀಸನ್‌ಗಳಲ್ಲಿ ಬ್ಲೌಸ್ ಹೊಲಿದು, ಹೊಸ ಪವರ್ ಮಿಷನ್ ತಗೋಬೇಕು ಅಂತ ಕೂಡಿಟ್ಟ ದುಡ್ಡು. ಕೈಕಾಲು ತಣ್ಣಗಾಯಿತು. ಫೋನಿನಲ್ಲಿ ಅವನು ಇನ್ನೂ "ಮೇಡಂ, ಲೈನಲ್ಲಿದೀರಾ?" ಅಂತಿದ್ದ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದಿದೆ. ಹಣ ಹೋದದ್ದು ಮೂರು ಗಂಟೆ ಸುಮಾರಿಗೆ. ನಾನು ಆ್ಯಪ್ ಅಳಿಸಿ, ಫೋನ್ ಆಫ್ ಮಾಡಿ, ಸುಮ್ನೆ ಕೂತೆ. ಅತ್ತೆಗೆ ಹೇಳೋಕೆ ನಾಚಿಕೆ, ಮಗನಿಗೆ ಹೇಳೋಕೆ ಭಯ. ಯಜಮಾನರು ಬಂದು ಮುಖ ನೋಡಿ ಕೇಳಿದ ಮೇಲೆ ಬಾಯಿಬಿಟ್ಟೆ. ಸೈಬರ್ ಮೋಸದ ದೂರು ತಗೊಳ್ಳೋ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ರಾತ್ರಿ ಒಂಬತ್ತು ಗಂಟೆ. ಆರು ಗಂಟೆ ಹೊತ್ತು ಕಳೆದುಕೊಂಡೆ. 24,900 ಅಷ್ಟರಲ್ಲಿ ಎರಡು ಮೂರು ಖಾತೆ ದಾಟಿ ಹೋಗಿತ್ತು. 19,999 ಮಾತ್ರ ಒಂದು ವ್ಯಾಲೆಟ್‌ನಲ್ಲಿ ಸಿಕ್ಕಿತು, ಅದನ್ನು ತಡೆಹಿಡಿದಿದ್ದಾರೆ. ಅದು ಕೈಗೆ ಬರೋಕೆ ಇನ್ನೂ ಓಡಾಟ ಇದೆ.

ಹಾಗಾಗಿ ಯಾರಿಗಾದರೂ ಹೀಗಾದರೆ, ಮೊದಲು ಮೊಬೈಲಿನ ಡೇಟಾ, ವೈಫೈ ಎರಡೂ ಆಫ್ ಮಾಡಿ, ಅವನಿಗೆ ಪರದೆ ಕಾಣೋದು ನಿಲ್ಲುತ್ತದೆ. ಪಕ್ಕದ ಮನೆಯವರ ಫೋನಾದರೂ ತಗೊಂಡು 1930ಕ್ಕೆ ಮಾಡಿ. ಇದು ದೇಶಕ್ಕೆಲ್ಲಾ ಒಂದೇ ನಂಬರ್. ಎಷ್ಟು ಹೊತ್ತಿಗೆ, ಎಷ್ಟು ಹೋಯಿತು, ಯಾವ ಬ್ಯಾಂಕು, ಮೆಸೇಜಿನಲ್ಲಿ ಬಂದಿರೋ ವ್ಯವಹಾರದ ನಂಬರ್, ಇಷ್ಟು ಕೇಳುತ್ತಾರೆ. ಆಮೇಲೆ ಬ್ಯಾಂಕಿಗೆ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಅನ್ನೋ ಸರ್ಕಾರದ ತಾಣದಲ್ಲೂ ದೂರು ಹಾಕಬಹುದು. ತುಮಕೂರಿನಲ್ಲಿ ಸೈಬರ್ ಅಪರಾಧದಂಥವನ್ನು ನೋಡೋಕೇ ಅಂತ ಸಿಇಎನ್ ಪೊಲೀಸ್ ಠಾಣೆ ಇದೆ, ಶನಿವಾರ ಅಲ್ಲಿಗೆ ಹೋದೆವು. ಬೈಯುತ್ತಾರೇನೋ ಅಂತ ಹೆದರಿದ್ದೆ, ಬೈಯಲಿಲ್ಲ, ಕೂರಿಸಿ ಬರೆದುಕೊಂಡರು. ನಮ್ಮ ಬ್ಯಾಂಕಿನವರು ಹೇಳಿದ್ದೂ ಕೇಳಿ: ಓಟಿಪಿ ನಮ್ಮ ಕೈಯಿಂದಲೇ ಹೋಗಿದ್ದರೆ, ದೂರು ಕೊಡೋವರೆಗಿನ ನಷ್ಟ ನಮ್ಮ ತಲೆ ಮೇಲೆ, ದೂರು ಕೊಟ್ಟ ಮೇಲೂ ಹಣ ಹೋದರೆ ಅದು ಬ್ಯಾಂಕಿನ ಹೊಣೆ. ಅಂದರೆ ಬೇಗ ದೂರು ಕೊಟ್ಟಷ್ಟೂ ನಮಗೆ ಒಳ್ಳೆಯದು.

ಈಗ ಆ ಕೆಂಪು ದೀಪದ ವಿಷಯ. ಸೋಮವಾರ ನಿಜವಾದ ಲೈನ್‌ಮ್ಯಾನ್ ಬಂದ. ನಮ್ಮ ಏರಿಯಾದ ಹುಡುಗನೇ. ಡಬ್ಬಿಯನ್ನು ನೋಡಿ ನಗಲಿಲ್ಲ, ಬೀರುವನ್ನು ಸ್ವಲ್ಪ ಮುಂದೆ ಎಳೆದ. ಹಿಂದೆ ಹಳದಿ ತೆಳು ವೈರ್ ಗೋಡೆಗೂ ಬೀರುವಿಗೂ ನಡುವೆ ಸಿಕ್ಕಿಕೊಂಡು, ಚೂಪಾಗಿ ಮಡಚಿಹೋಗಿತ್ತು. "ಆಂಟಿ, ಇದರೊಳಗೆ ಇರೋದು ತಾಮ್ರದ ತಂತಿ ಅಲ್ಲ, ಕೂದಲಿನಷ್ಟು ತೆಳು ಗಾಜು. ಇದರಲ್ಲಿ ಹೋಗೋದು ಬೆಳಕು. ಹೀಗೆ ಮಡಚಿದರೆ ಬೆಳಕು ಹೊರಗೆ ಸೋರಿಹೋಗುತ್ತೆ" ಅಂದ. ವೈರಿನ ತುದಿಯ ಹಸಿರು ತಲೆಯನ್ನು ಬಿಚ್ಚಿ, ಜೇಬಿನಿಂದ ಬೆಳಕು ಅಳೆಯೋ ಸಣ್ಣ ಮೀಟರ್ ತೆಗೆದು ಅದಕ್ಕೆ ಸಿಕ್ಕಿಸಿದ. ಏನೂ ಬರಲಿಲ್ಲ. ಬೇರೆ ಹಳದಿ ವೈರ್ ಹಾಕಿದ. ಮೀಟರ್‌ನಲ್ಲಿ ಮೈನಸ್ 21 ಅಂತ ಬಂತು. "ಮೈನಸ್ 27 ದಾಟಿದರೆ ಕಷ್ಟ, ಇದು ಚೆನ್ನಾಗಿದೆ" ಅಂದ. ಡಬ್ಬಿಗೆ ಸಿಕ್ಕಿಸಿದ ತಕ್ಷಣ ಕೆಂಪು ಹೋಯಿತು, ಲೈನ್ ಸಿಕ್ಕಿದೆ ಅಂತ ತೋರಿಸೋ ಪಾನ್ ಅನ್ನೋ ಕಡೆ ಹಸಿರು ದೀಪ ಸ್ವಲ್ಪ ಮಿನುಗಿ, ಆಮೇಲೆ ಒಂದೇ ಸಮ ಉರಿಯಿತು. ಮಗ ಆ ತುದಿಯೊಳಗೆ ಬಗ್ಗಿ ನೋಡೋಕೆ ಹೋದ, ಲೈನ್‌ಮ್ಯಾನ್ ಕೈ ಅಡ್ಡ ಹಿಡಿದ. ಅದರಲ್ಲಿ ಬರೋದು ಕಣ್ಣಿಗೆ ಕಾಣದ ಲೇಸರ್ ಬೆಳಕು, ನೋಡಬಾರದಂತೆ. ಮಕ್ಕಳಿರೋ ಮನೆಯವರು ಇದನ್ನೂ ನೆನಪಿಡಿ.

ಎಲ್‌ಒಎಸ್ ಕೆಂಪಗಿದೆ ಅಂದರೆ ಡಬ್ಬಿಗೆ ಬೆಳಕೇ ಬರುತ್ತಿಲ್ಲ ಅಂತ. ವೈರ್ ಮಡಚಿರಬಹುದು, ರಸ್ತೆ ಅಗೆಯುವಾಗ ಕಂಬದ ಹತ್ತಿರ ತುಂಡಾಗಿರಬಹುದು, ತುದಿಗೆ ಧೂಳು ಕೂತಿರಬಹುದು. ಅದನ್ನು ಫೋನಿನಲ್ಲಿ ಸೆಟ್ಟಿಂಗ್ ಹಾಕಿ ಸರಿ ಮಾಡೋಕೆ ಪ್ರಪಂಚದಲ್ಲಿ ಯಾರಿಗೂ ಆಗಲ್ಲ. ಒಬ್ಬ ಮನುಷ್ಯ ಮನೆಗೋ ಕಂಬಕ್ಕೋ ಬರಲೇಬೇಕು. ನನ್ನನ್ನು ನಂಬಿಸಿದ ಆ ಪ್ರಶ್ನೆ ಕೇಳಿಯೂ, ಇಲ್ಲಿಂದಲೇ ಸರಿ ಮಾಡುತ್ತೇವೆ ಅಂದದ್ದೇ ಅವನು ಸುಳ್ಳುಗಾರ ಅನ್ನೋದಕ್ಕೆ ಸಾಕ್ಷಿಯಾಗಿತ್ತು. ಇಂಟರ್‌ನೆಟ್ ಹೋದವರಲ್ಲಿ ತುಂಬಾ ಜನಕ್ಕೆ ಅದೇ ದೀಪ ಕೆಂಪಗಿರುತ್ತದೆ, ಕೇಳಿದರೆ ಹೂಂ ಅಂತಾರೆ ಅಂತ ಅವನಿಗೆ ಗೊತ್ತು.

ಹೊಸ ರೂಟರ್ ಜೋಡಿಸೋಕೂ ಯಾರ ಸಹಾಯವೂ ಬೇಕಿರಲಿಲ್ಲ ಅಂತ ಲೈನ್‌ಮ್ಯಾನೇ ತೋರಿಸಿದ. ಹಳೇ ಡಬ್ಬಿಯ ಲ್ಯಾನ್ ತೂತಿನಿಂದ ಒಂದು ಕೇಬಲ್, ಹೊಸದರ ವ್ಯಾನ್ ತೂತಿಗೆ. ಮಗನ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ 192.168.0.1 ಅಂತ ಹೊಡೆದರೆ ಒಂದು ಪುಟ ಬಂತು, ಕೆಲವು ರೂಟರಿಗೆ 192.168.1.1 ಇರುತ್ತದೆ, ಅಡಿಯಲ್ಲಿ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಆಟೋಮ್ಯಾಟಿಕ್ ಐಪಿ ಆರಿಸಿ, ವೈಫೈಗೆ ಹೆಸರು ಮತ್ತು ಪಾಸ್‌ವರ್ಡ್ ಇಟ್ಟ. ಹತ್ತು ನಿಮಿಷವೂ ಆಗಲಿಲ್ಲ. ಆ ಪುಟದೊಳಗೆ ಹೋಗೋ ಪಾಸ್‌ವರ್ಡ್ ಕೂಡ ಬದಲಾಯಿಸಿ ಅಂದ, ಬದಲಾಯಿಸಿದೆವು. ಈ ಇಡೀ ಕೆಲಸದಲ್ಲಿ ನನ್ನ ಮೊಬೈಲು ಎಲ್ಲೂ ಬರಲಿಲ್ಲ. ಕಾರ್ಡೂ ಬರಲಿಲ್ಲ, ಓಟಿಪಿಯೂ ಬರಲಿಲ್ಲ.

ಕಂಪನಿಯ ನಂಬರ್ ಬೇಕಾದರೆ ಬಿಲ್ಲಿನಲ್ಲಿ ನೋಡಿ, ಇಲ್ಲಾ ಅವರ ಆ್ಯಪ್‌ನಲ್ಲಿ, ಇಲ್ಲಾ ಹಣ ಕಟ್ಟಿದಾಗ ಬಂದ ಮೆಸೇಜಿನಲ್ಲಿ. ಹುಡುಕಿದಾಗ ಮೊದಲು ಬಂದದ್ದು ಕಂಪನಿಯದೇ ಆಗಿರಬೇಕು ಅಂತೇನಿಲ್ಲ. ಮ್ಯಾಪ್‌ನಲ್ಲಿ ಒಂದು ಅಂಗಡಿಯ ಫೋನ್ ನಂಬರ್ ಬದಲಾಯಿಸಿ ಅಂತ ಯಾರು ಬೇಕಾದರೂ ಸೂಚಿಸಬಹುದು. ನಿಜವಾಗಿ ದೂರು ದಾಖಲಾದರೆ ಡಾಕೆಟ್ ನಂಬರ್ ಅಂತ ಒಂದು ಮೆಸೇಜಿನಲ್ಲಿ ಬರುತ್ತದೆ, ಅದಕ್ಕೆ 10 ರೂಪಾಯಿಯೂ ಇಲ್ಲ, ಒಂದು ರೂಪಾಯಿಯೂ ಇಲ್ಲ. ನಾನೀಗ ಲೈನ್‌ಮ್ಯಾನ್ ನಂಬರನ್ನೂ ಬಿಲ್ಲಿನಲ್ಲಿರೋ ನಂಬರನ್ನೂ ಮಾರ್ಕರ್‌ನಲ್ಲಿ ಬರೆದು ಡಬ್ಬಿ ಮೇಲೇ ಅಂಟಿಸಿದ್ದೇನೆ. ಅತ್ತೆಗೆ ಕಾಣೋ ಹಾಗೆ ದಪ್ಪ ಅಕ್ಷರ. ಮನೆಯಲ್ಲಿ ಹಿರಿಯರೋ ಮಕ್ಕಳೋ ಒಬ್ಬರೇ ಇರೋ ಹೊತ್ತು ಇದ್ದರೆ ನೀವೂ ಇವತ್ತೇ ಅಂಟಿಸಿ.

ಇನ್ನೊಂದು. ಕಳೆದ ಬುಧವಾರ ಒಬ್ಬ ಫೋನ್ ಮಾಡಿ ಸೈಬರ್ ಪೊಲೀಸ್ ಅಂದ. ನನ್ನ ಹೆಸರು, ಹೋದ ಮೊತ್ತ ಎರಡೂ ಸರಿಯಾಗಿ ಹೇಳಿದ. ಹಣ ಸಿಕ್ಕಿದೆ, ವಾಪಸ್ ಹಾಕೋಕೆ 999 ರೂಪಾಯಿ ಫೀಸ್ ಕಟ್ಟಿ ಅಂದ. ಒಂದು ಕ್ಷಣ ಆಸೆ ಆಯಿತು. ಠಾಣೆಗೇ ಬಂದು ಕಟ್ಟುತ್ತೇನೆ ಅಂದೆ, ಫೋನ್ ಕಟ್ ಮಾಡಿದ. ಆ ನಂಬರನ್ನು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ, ಮೋಸದ ಕರೆಗಳ ದೂರಿಗೆ ಅಂತ ಇರೋ ಚಕ್ಷು ವಿಭಾಗದಲ್ಲಿ ಹಾಕಿ, ಠಾಣೆಗೂ ಹೋಗಿ ನನ್ನ ದೂರಿಗೆ ಸೇರಿಸಿ ಬಂದೆ.